ಕೊಂದಳೋ, ಕೊಂದರೋ

ಒಂಬತ್ತನೇ ತರಗತಿಯ ಬೋರ್ಡಿನ ಎಡಗಡೆ ‘ಕೊಂದಳು’ ಎಂದೂ ಬಲಗಡೆ ‘ಕೊಂದರು’ ಎಂದೂ ಬರೆದು ಭಾಷೆಯ ಟೀಚರ್ ಪಕ್ಕಕ್ಕೆ ಸರಿದು ನಿಂತಳು. ಬಾಯಿ ಬಿಡಲಿಲ್ಲ. ಪಾಠಕ್ಕೆ ಮುಂಚೆ ಹೀಗೆ ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುವುದು ಅವಳಿಗೆ ಅಪ್ಪನಿಂದ ಬಂದ ರೂಢಿ. ಅಪ್ಪ ಕಾವ್ಯ ಓದಿ ಹೇಳುತ್ತಿದ್ದವನು. ಕೂತವರ ಕೆಮ್ಮು, ಪಿಸುಮಾತು, ಚಾಪೆ ಸರಿಸುವ ಸದ್ದು ಎಲ್ಲ ತಾನಾಗಿ ಅಡಗುವ ತನಕ ಅವನು ಮೊದಲ ಪದ್ಯ ಎತ್ತುತ್ತಿರಲಿಲ್ಲ. ಕಿವಿ ತೆರೆಯದ ಕಡೆ ಬಾಯಿ ತೆರೆದರೆ ದೇವರ ಹೆಸರೂ ಬರೀ ಗದ್ದಲ ಅನ್ನುತ್ತಿದ್ದ.

ಆದರೆ ಈ ತರಗತಿಯಲ್ಲಿ ಗದ್ದಲ ಅಡಗಬೇಕಾದರೆ ಮೊದಲು ರೇಡಿಯೋ ಅಡಗಬೇಕಿತ್ತು. ರೇಡಿಯೋ ಅಂದರೆ ಕಿಟಕಿ ಪಕ್ಕದ ಬೆಂಚಿನ ಹುಡುಗ. ಅವನಿಗೆ ಆ ಹೆಸರಿಟ್ಟ ಪುಣ್ಯಾತ್ಮರು ಆರಿಸುವ ಗುಂಡಿ ಎಲ್ಲಿದೆ ಅಂತ ಮಾತ್ರ ಯಾರಿಗೂ ಹೇಳಿಕೊಟ್ಟಿರಲಿಲ್ಲ.

“ಟೀಚರ್, ಇದು ಅನ್ಯಾಯ,” ಅಂದ ಅವನು. “ಹೆತ್ತ ಮಕ್ಕಳನ್ನ ಕೊಂದವಳಿಗೆ ‘ಕೊಂದರು’ ಅಂತ ಗೌರವ ಬೇರೆ ಕೊಡ್ತೀರಾ? ನಾನು ಒಂದಿನ ಹೋಮ್‌ವರ್ಕ್ ತರಲಿಲ್ಲ ಅಂದ್ರೆ ‘ಬಾರೋ ಇಲ್ಲಿ’ ಅಂತೀರಿ.”

ತರಗತಿ ಗೊಳ್ಳೆಂದಿತು. ಟೀಚರಿಗೂ ತುಟಿಯಂಚಿನಲ್ಲಿ ನಗು ಬಂತು. ಹುಡುಗ ತಪ್ಪು ಓದಿದ್ದ. ಆದರೆ ನಮ್ಮ ಭಾಷೆಯಲ್ಲಿ ಹುಟ್ಟಿದವನು ಮಾತ್ರ ಮಾಡಬಹುದಾದ ತಪ್ಪು ಅದು. ‘ರು’ ಅನ್ನುವ ಒಂದಕ್ಷರ ಒಬ್ಬರನ್ನು ಎತ್ತಿ ಕೂರಿಸಲೂ ಬರುತ್ತದೆ, ಹಲವರನ್ನು ಗುಂಪಿನಲ್ಲಿ ಅಡಗಿಸಲೂ ಬರುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

“ಅದು ಗೌರವ ಅಲ್ಲವೋ. ಬಹುವಚನ,” ಅಂದಳು ಟೀಚರ್. “ಎಡಗಡೆ ಇರೋದು ತಾಯಿ. ಬಲಗಡೆ ಇರೋದು ಊರು.”

ಆಗ ಸದ್ದಡಗಿತು.

ಗ್ರೀಕರ ಆ ಕಥೆಯನ್ನು ಹಿಂದಿನ ವಾರವೇ ಹೇಳಿಯಾಗಿತ್ತು. ದೂರ ದೇಶದ ರಾಜನ ಮಗಳು, ಮದ್ದು-ಮಂತ್ರ ಬಲ್ಲವಳು. ಹಡಗಿನಲ್ಲಿ ಬಂದ ವೀರನೊಬ್ಬನಿಗೆ ಮನಸೋತು, ತವರಿಗೆ ಎರಡು ಬಗೆದು ಅವನ ಬೆನ್ನ ಹಿಂದೆ ಬಂದಳು. ಬಂದ ಊರಿನಲ್ಲಿ ಮಕ್ಕಳಾದವು. ಆಮೇಲೆ ಆ ವೀರನಿಗೆ ಆ ಊರಿನ ರಾಜಕುಮಾರಿಯೇ ಸಿಕ್ಕಾಗ ಇವಳು ಬೇಡವಾದಳು. ಇವಳು ಮದುಮಗಳಿಗೆ ವಿಷ ಸವರಿದ ಉಡುಗೆ ಕಳಿಸಿ ಸುಟ್ಟಳು. ಇಲ್ಲಿಯವರೆಗೆ ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ ಕಥೆ. ಅವಳ ಹೆಸರು ಹುಡುಗರ ನಾಲಿಗೆಗೆ ಹತ್ತದೆ ಎಲ್ಲರೂ ‘ಹೊರಗಿನವಳು’ ಅಂತಲೇ ಕರೆಯುತ್ತಿದ್ದರು.

“ಮುಂದಿನದ್ದರಲ್ಲಿ ದಾರಿ ಕವಲಾಗತ್ತೆ,” ಅಂದಳು ಟೀಚರ್. “ಹೆಚ್ಚು ಜನಕ್ಕೆ ಗೊತ್ತಿರೋದು ಎಡಗಡೆದು. ಗಂಡನ ಮೇಲಿನ ಸಿಟ್ಟಿಗೆ ತನ್ನ ಮಕ್ಕಳನ್ನ ತಾನೇ ಕೊಂದಳು. ಇನ್ನೊಂದರಲ್ಲಿ, ರಾಜಕುಮಾರಿ ಸತ್ತ ಸಿಟ್ಟಿಗೆ ಊರವರೇ ಸೇರಿ, ದೇವತೆಯ ಗುಡಿ ಹೊಕ್ಕಿದ್ದ ಆ ಮಕ್ಕಳನ್ನ ಕೊಂದರು. ಇವೆರಡೂ ಅಲ್ಲದೆ, ಮಕ್ಕಳಿಗೆ ಸಾವೇ ಬರದಿರಲಿ ಅಂತ ಅವಳು ಗುಡಿಯಲ್ಲಿ ಏನೋ ಮಾಡೋಕೆ ಹೋಗಿ ಅವು ಸತ್ತವು ಅನ್ನೋದೂ ಇದೆ. ಒಂದು ಕಥೆಯ ಇಂಥ ಒಂದೊಂದು ರೂಪಕ್ಕೂ ಪಾಠ ಅಂತಲೇ ಹೆಸರು. ಪಾಠಾಂತರ.”

“ಅಂದ್ರೆ ಪಾಠದೊಳಗೆ ಇನ್ನೂ ಮೂರು ಪಾಠ,” ಅಂದ ರೇಡಿಯೋ. “ಕೆಟ್ಟೆವು. ಪರೀಕ್ಷೆಗೆ ಯಾವುದು ಬರತ್ತೆ ಟೀಚರ್?”

“ಹೇಳಿದವರು ಯಾರು, ಯಾರ ಮುಂದೆ ಹೇಳಿದರು, ಯಾವ ಮಾತಿನ ಹತ್ತಿರ ದಾರಿ ಬೇರೆಯಾಯ್ತು. ಅದು ಬರತ್ತೆ. ಯಾವುದು ಸರಿ ಅಂತ ಕುಣಿಯೋದಕ್ಕೆ ಮುಂಚೆ ಎಲ್ಲಾನೂ ಪಕ್ಕಪಕ್ಕ ಇಟ್ಟು ಕೇಳಬೇಕು. ಕಣ್ಣು ಮುಚ್ಚಿ ಕೇಳಿ. ದನಿ ಎಲ್ಲಿ ಮೆತ್ತಗಾಗತ್ತೋ ಅಲ್ಲಿ ಯಾರೋ ಆಮೇಲೆ ಹಾಕಿದ ಹೊಲಿಗೆ ಇದೆ ಅಂತ ಲೆಕ್ಕ.”

ಎಡಗಡೆಯದನ್ನೂ ಬಲಗಡೆಯದನ್ನೂ ಓದಿದಳು. ಓದುವಾಗ ಅವಳ ದನಿ ಬೇರೆಯೇ. ಮಾತಾಡುವಾಗ ನೀರಿನ ಹಾಗಿದ್ದದ್ದು ಓದುವಾಗ ನೂಲಿನ ಹಾಗೆ ಬಿಗಿಯಾಗುತ್ತಿತ್ತು. ಓದಿ ಮುಗಿಸಿ, ಇನ್ನೊಂದು ಮಾತು ಸೇರಿಸಿದಳು. “ಹಳೆ ಕಾಲದಲ್ಲೇ ಒಂದು ಗುಸುಗುಸು ಇತ್ತು. ಊರವರು ಈ ಕಥೆ ಬರೆದ ಕವಿಗೆ ದುಡ್ಡು ಕೊಟ್ಟು, ನಮ್ಮ ಹೆಸರು ಎತ್ತಬೇಡ, ತಾಯಿಯ ಮೇಲೇ ಹಾಕು ಅಂದರಂತೆ. ಇದನ್ನೂ ಯಾರೋ ಹೇಳಿದ್ದೇ. ಇದನ್ನೂ ತೂಗಿಯೇ ನಂಬಬೇಕು.”

ಹಿಂದಿನ ಬೆಂಚಿನಲ್ಲಿ ಗುಬ್ಬಿ ಎದ್ದು ನಿಂತಳು. ಹೆಸರಿಗೆ ತಕ್ಕ ಸಣ್ಣ ಹುಡುಗಿ. ಶಾಲೆಯ ಗೇಟು ಬಿದ್ದು ಪಾದ ಜಜ್ಜಿಹೋಗಿ ಅವಳ ತಮ್ಮ, ಒಂದನೇ ತರಗತಿಯ ಪುಟ್ಟ, ಆಸ್ಪತ್ರೆ ಸೇರಿದ ಮೇಲೆ ಅವಳು ತರಗತಿಯಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು.

“ಟೀಚರ್, ಆ ಕವಿಗೆ ನಿಜ ಗೊತ್ತಿತ್ತಾ?”

ಟೀಚರ್ ಬಾಯಿ ತೆರೆದಳು. ಗಂಟೆ ಹೊಡೆಯಿತು, ಮಕ್ಕಳು ಎದ್ದರು.

ಸೀಮೆಸುಣ್ಣದ ಕೈ ತೊಳೆದು ನೀರು ಕೊಡವುವಷ್ಟರಲ್ಲಿ ಹೆಡ್ಮೇಷ್ಟ್ರಿಂದ ಕರೆ ಬಂತು.

ಹೆಡ್ಮೇಷ್ಟ್ರು ಕೆಟ್ಟವರಲ್ಲ. ಅದೇ ಅವರ ದೊಡ್ಡ ತೊಂದರೆ. ಯಾರ ಮೇಲೂ ದನಿ ಎತ್ತುವವರಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ತೆಗೆಯುವವರು. ಅವರ ಮೇಜಿಗೆ ಗಾಜು ಹಾಸಿತ್ತು, ಗಾಜಿನ ಅಡಿಯಲ್ಲಿ ಪ್ರತಿ ವರ್ಷದ ಗುಂಪು ಫೋಟೋ. ಎಲ್ಲದರಲ್ಲೂ ಅವರು ನಡುವಿನ ಕುರ್ಚಿಯಲ್ಲಿ. ಟೀಚರ್ ಎಲ್ಲದರಲ್ಲೂ ನಿಂತವರ ಸಾಲಿನ ಕೊನೆಗೆ. ತಾತ್ಕಾಲಿಕ ನೌಕರರಿಗೆ ಕುರ್ಚಿ ಇಲ್ಲ.

“ಕೂತ್ಕೊಳ್ಳಮ್ಮ,” ಅಂದರು. “ಶನಿವಾರ ಪೋಷಕರ ಸಭೆ. ಶಾಲಾ ಸಮಿತಿ ಅಧ್ಯಕ್ಷರೂ ಬರ್ತಾರೆ. ಗೇಟಿನ ವಿಷಯ ಒಂದು ಹೇಳಿಕೆ ಓದಿ, ಎಲ್ಲರ ಸಹಿ ತಗೊಂಡು ಮುಗಿಸಿಬಿಡೋಣ ಅಂತ. ಬರೆಯೋದಕ್ಕೆ ನಿಮಗಿಂತ ಒಳ್ಳೆ ಕೈ ಯಾರದ್ದಿದೆ? ಚಂದ ಬರೀತೀರಿ, ಚಂದ ಓದ್ತೀರಿ.”

“ಏನಂತ ಬರೀಲಿ ಸರ್?”

“ಆದದ್ದನ್ನೇ. ಸುಳ್ಳು ಬರೀರಿ ಅಂತ ನಾನ್ಯಾವತ್ತಾದ್ರೂ ಹೇಳಿದೀನಾ? ಆ ತಾಯಿ ಗೇಟಿನ ಹತ್ತಿರ ಮಗನ ಕೈ ಬಿಟ್ಟಳು. ಮಗು ಗೇಟು ಹಿಡ್ಕೊಂಡ. ಅದು ವಾಲ್ತು. ಕೈ ಬಿಟ್ಟದ್ದು ನಿಜ ತಾನೆ?”

ನಿಜ. ಪುಟ್ಟನ ಚಪ್ಪಲಿಯ ಪಟ್ಟಿ ಕಳಚಿತ್ತು, ಅದನ್ನು ಕೂಡಿಸಲು ತಾಯಿ ಅವನ ಕೈ ಬಿಟ್ಟು ಬಗ್ಗಿದ್ದಳು. ಅವಳೇ ಆಸ್ಪತ್ರೆಯ ಬಾಗಿಲಲ್ಲಿ ತಲೆ ಚಚ್ಚಿಕೊಂಡು ಎಲ್ಲರಿಗೂ ಹೇಳಿದ್ದಳು. ಆ ಮಾತನ್ನೇ ಊರು ಹೆಕ್ಕಿಕೊಂಡಿತ್ತು. ಹೊಲಿಗೆ ಕೆಲಸಕ್ಕೆಂದು ಬೇರೆ ಕಡೆಯಿಂದ ಬಂದ ಹೆಂಗಸು, ಗಂಡ ಜೊತೆಗಿಲ್ಲ. ಮೆತ್ತಗಿದ್ದವರಿಗೆ ಮತ್ತೊಂದು ಗುದ್ದು.

“ಆ ತಳ್ಳೋ ಗೇಟಿನ ಗಾಲಿ ಮುರಿದಿತ್ತಲ್ಲ ಸರ್,” ಅಂದಳು ಟೀಚರ್. “ಕೊನೇಲಿ ತಡೆಯೋ ಗೂಟ ಕಿತ್ತುಹೋಗಿತ್ತು. ವಾಚ್‌ಮನ್ ಕಲ್ಲು ಇಟ್ಟು ನಿಲ್ಲಿಸ್ತಿದ್ದ. ನಿಮಗೆ ಹೇಳೂ ಇದ್ದ.”

“ಅದನ್ನ ಬರೀಬೇಡಿ ಅಂದ್ನಾ? ಬರೀರಿ. ಕೊನೇಲಿ ಒಂದು ಸಾಲು. ‘ಗೇಟಿನಲ್ಲಿ ಸಣ್ಣಪುಟ್ಟ ದೋಷಗಳು ಕಂಡುಬಂದಿದ್ದು, ಸರಿಪಡಿಸುವ ಕ್ರಮ ಕೈಗೊಳ್ಳಲಾಗುವುದು.’ ಆಯ್ತಲ್ಲ?”

ಅವಳು ಆ ಸಾಲನ್ನು ಕಿವಿಯಲ್ಲೇ ತಿರುಗಿಸಿ ನೋಡಿದಳು. ಕಂಡುಬಂದಿದ್ದು: ಯಾರಿಗೆ? ಕೈಗೊಳ್ಳಲಾಗುವುದು: ಯಾರಿಂದ? ಇಡೀ ಹೇಳಿಕೆಯಲ್ಲಿ ಕೈಕಾಲಿರುವ ಪ್ರಾಣಿ ಒಂದೇ ಒಂದು. ಕೈ ಬಿಟ್ಟಳು. ಉಳಿದದ್ದೆಲ್ಲ ಮಳೆ ಬಂದ ಹಾಗೆ, ಬೆಳಗಾದ ಹಾಗೆ, ತಾನಾಗಿ ಆಗಿಬಿಟ್ಟಿತ್ತು. ಅವಳಿಗೆ ಸಿಟ್ಟು ಬಂತು.

“ಅಂದ ಹಾಗೆ,” ಹೆಡ್ಮೇಷ್ಟ್ರು ನೀರಿನ ಲೋಟದ ಮುಚ್ಚಳ ತೆಗೆದು, ಕುಡಿಯದೆ ಮತ್ತೆ ಮುಚ್ಚಿದರು. “ಸಭೆ ಆದ ಮೇಲೆ ಸಮಿತಿ ಕೂರತ್ತೆ. ನಿಮ್ಮ ಕೆಲಸ ಖಾಯಂ ಮಾಡೋ ವಿಷಯ ನಾನೇ ಎತ್ತಬೇಕು ಅಂತಿದೀನಿ. ಎಷ್ಟು ವರ್ಷ ಅಂತ ನಿಂತುಕೊಂಡೇ ಫೋಟೋ ತೆಗೆಸಿಕೊಳ್ತೀರಿ?”

ಅವರು ನಕ್ಕರು. ಅದು ಲಂಚ ಅಂತ ಅವರಿಗೆ ಅನ್ನಿಸಿರಲಿಕ್ಕೂ ಇಲ್ಲ. ಒಳ್ಳೆಯ ಮನುಷ್ಯ ಒಂದೇ ಉಸಿರಿನಲ್ಲಿ ಎರಡು ಒಳ್ಳೆ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. ಆ ಕವಿಯನ್ನೂ ಹೀಗೇ ಕೂರಿಸಿ, ಹೀಗೇ ನಕ್ಕು ಮಾತಾಡಿಸಿರಬಹುದು. ಟೀಚರ್ ನಗಲಿಲ್ಲ. ಎದ್ದು ಬಂದಳು.

ಮನೆಯಲ್ಲಿ ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ಮಗ ಲಾರಿ ಓಡಿಸುವವನು, ಮನೆಗಿಂತ ದಾರಿಯಲ್ಲೇ ಇರುವುದು ಹೆಚ್ಚು. ಹಾಗಾಗಿ ಈ ಮನೆಯಲ್ಲಿ ಜಗಳಕ್ಕೂ ರಾಜಿಗೂ ಅತ್ತೆ-ಸೊಸೆಯರಿಬ್ಬರೇ.

“ಮುಖ ಯಾಕೆ ಸುಟ್ಟ ಬದನೆಕಾಯಿ ಥರ ಇದೆ?” ಅಂದರು ಅತ್ತೆ, ತಿರುಗಿ ನೋಡದೆ.

“ನೋಡದೇ ಹೇಗೆ ಗೊತ್ತಾಯ್ತು?”

“ಚಪ್ಪಲಿ ಬಿಟ್ಟ ಸದ್ದು ಕೇಳಿದೆ.”

ಸೊಸೆ ಪಕ್ಕದಲ್ಲಿ ಕೂತು, ಒಂದು ಹಿಡಿ ಕಾಯಿ ಎಳೆದುಕೊಂಡು ಎಲ್ಲವನ್ನೂ ಹೇಳಿದಳು. ಅತ್ತೆ ಕೇಳಿದರು. ಖಾಯಂ ಅನ್ನುವ ಮಾತು ಬಂದಾಗ ಅವರ ಕೈ ನಿಂತಿತು.

“ಬರೆದು ಬಿಸಾಕು,” ಅಂದರು. “ತಾಯಿಯಾದವಳು ಕೈ ಬಿಡಬಾರದಿತ್ತು. ಅಷ್ಟು ನಿಜ.”

“ನಿಮ್ಮ ಮಗನ ಕೈ ನೀವು ಒಂದು ದಿನಾನೂ ಬಿಟ್ಟಿಲ್ವಾ ಅತ್ತೆ?”

“ಬಿಟ್ಟಿದ್ದಕ್ಕೇ ನಿನ್ನ ಕೈಗೆ ಸಿಕ್ಕಿದ್ದು.”

ಬೇರೆ ದಿನವಾಗಿದ್ದರೆ ಸೊಸೆ ನಗುತ್ತಿದ್ದಳು. ಇವತ್ತು ಕೈಯಲ್ಲಿದ್ದ ಕಾಯಿಯನ್ನು ಮುರಿದ ಸದ್ದಿಗೆ ಅತ್ತೆ ತಲೆಯೆತ್ತಿ ನೋಡಿದರು.

“ಬೀದೀಲಿ ಕೈ ಬಿಟ್ಟರೆ ಮಗು ಎರಡು ಹೆಜ್ಜೆ ಓಡತ್ತೆ, ಅಷ್ಟೇ,” ಅಂದಳು ಸೊಸೆ. “ಶಾಲೆ ಬಾಗಿಲಲ್ಲಿ ಕೈ ಬಿಟ್ಟರೆ ಪಾದ ಹೋಗತ್ತಾ? ಆ ಕೈ ಯಾರ ಕೈಗೆ ಕೊಡೋಕೆ ಬಂದಿದ್ದಳು ಅವಳು? ನಮ್ಮ ಕೈಗೆ ತಾನೆ?”

“ನನ್ನ ಮೇಲೆ ಯಾಕೆ ಹರಿಹಾಯ್ತೀಯ? ನಾನೇನು ಗೇಟಾ?” ಅಂದರು ಅತ್ತೆ. ಆಮೇಲೆ ಮೆಲ್ಲಗೆ: “ಕೈಗೆ ಬಂದದ್ದು ಬಾಯಿಗೆ ಬರೋ ಹೊತ್ತು. ಯೋಚನೆ ಮಾಡು.”

ಸಂಜೆ ಅವಳು ಎಂದಿನಂತೆ ದೇವರ ಮುಂದೆ ಕೂತಳು. ದಿನವೂ ಇಲ್ಲಿ ಅಪ್ಪ ಹೇಳಿಕೊಟ್ಟ ಪದ್ಯಗಳನ್ನು ಮೆಲುದನಿಯಲ್ಲಿ ಹೇಳಿಕೊಳ್ಳುವುದು ವಾಡಿಕೆ. ಅಪ್ಪನಿಗೆ ಒಂದು ಹಟ ಇತ್ತು. ಹೇಳುತ್ತಾ ಹೇಳುತ್ತಾ ಸಾಲು ಮರೆತರೆ ನಿಲ್ಲಿಸಿಬಿಡುತ್ತಿದ್ದ. ಛಂದಸ್ಸು ಕೂಡಿಸಿ ತನ್ನದೊಂದು ಸಾಲು ಹಾಕಿ ದಾಟಿಸುವುದು ಅವನಿಗೆ ಬಾರದ್ದೇನಲ್ಲ. “ಮರೆತೆ ಅನ್ನು. ತೇಪೆ ಹಾಕಬೇಡ. ಕೇಳೋರು ನಂಬಿ ಕೂತಿದ್ದಾರೆ,” ಅನ್ನುತ್ತಿದ್ದ. ನಂಬಿ ಕೂತವರು. ಹೆಡ್ಮೇಷ್ಟ್ರಿಗೆ ಬೇಕಾಗಿದ್ದದ್ದು ಅವಳ ಅಕ್ಷರವಲ್ಲ, ಆ ನಂಬಿಕೆ. ಶಾಂತಿ ಕೊಡು ಎಂದು ಕೇಳಲು ಹೊರಟಳು. ಕೊನೆಗೆ, ಈ ಸಿಟ್ಟು ಶನಿವಾರದವರೆಗೆ ಆರದಿರಲಿ ಎಂದು ಕೇಳಿ ಎದ್ದಳು.

ಬರೆದಳು. ಅರ್ಧ ಪುಟವೂ ಆಗಲಿಲ್ಲ. ಮರುದಿನ ಹೆಡ್ಮೇಷ್ಟ್ರು ಓದಿ, ಕನ್ನಡಕ ತೆಗೆದು ಒರೆಸಿದರು.

“‘ಗಾಲಿ ಮುರಿದಿತ್ತು. ನಾವು ಸರಿಮಾಡಿಸಲಿಲ್ಲ.’ ಏನಮ್ಮ ಇದು, ಗುದ್ದಲಿಯಿಂದ ಬರೆದ ಹಾಗಿದೆ. ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ.” ಬೇಸರವೇ ಹೊರತು ಸಿಟ್ಟಿಲ್ಲ. “ಇರಲಿ, ನಾನೇ ಬರೀತೀನಿ. ನೀವು ಓದಿದರೆ ಸಾಕು.”

ಅಲ್ಲೇ ಕೂತು ಬರೆದರು. ‘ತಾಯಿ ಮಗುವಿನ ಕೈ ಬಿಟ್ಟಳು’ ಎಂದು ಬರೆದು, ಪೆನ್ನಿನ ತುದಿಯಿಂದ ಗಲ್ಲ ತಟ್ಟಿಕೊಂಡರು. “ಒರಟಾಯ್ತು. ಪಾಪ, ಹೆಣ್ಣುಮಗಳು, ಎದುರಿಗೇ ಕೂತಿರ್ತಾಳೆ. ನಾಲ್ಕು ಜನರ ಮುಂದೆ ಏಕವಚನ ಬೇಡ.” ಹೊಡೆದುಹಾಕಿ, ತಮಗೆ ತಿಳಿದ ಅತಿ ನಯವಾದ ಮಾತಿನಲ್ಲಿ ತಿದ್ದಿದರು: ‘ಮಗುವಿನ ಹೊಣೆ ಹೊತ್ತವರು ಗೇಟಿನ ಬಳಿ ಕೈ ಬಿಟ್ಟರು.’

ಟೀಚರ್ ಅದನ್ನು ತಲೆಕೆಳಗಾಗಿಯೇ ಓದಿದಳು. ಪುಣ್ಯಾತ್ಮರು ಮರ್ಯಾದೆ ಕೊಡಲು ಹೋಗಿ ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕಿಕೊಂಡಿದ್ದರು. ಅವಳು ತುಟಿ ಬಿಚ್ಚಲಿಲ್ಲ. ಹಾಳೆ ತೆಗೆದುಕೊಂಡಳು. ಮೌನ ಸಮ್ಮತಿ ಅಂದುಕೊಂಡು ಹೆಡ್ಮೇಷ್ಟ್ರು ಸಮಾಧಾನದ ಉಸಿರು ಬಿಟ್ಟರು.

ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದಳು. ಇದ್ದದ್ದನ್ನು ಇದ್ದ ಹಾಗೆ ಓದಿಬಿಡುವುದು. ಒಂದಕ್ಷರ ಆಚೀಚೆ ಮಾಡದೆ. ಕೇಳಿದವರು ಕೇಳಬೇಕಾದ್ದನ್ನು ಕೇಳಿಕೊಳ್ಳುತ್ತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಖಾಯಂ ಕೆಲಸವೂ ಉಳಿಯಿತು, ಆ ಹೆಂಗಸಿನ ಹೆಸರೂ ಉಳಿಯಿತು. ಎಲ್ಲ ಕೂಡಿಬಂದಿತ್ತು, ಸಿಟ್ಟೊಂದನ್ನು ಬಿಟ್ಟು. ಅದು ಮಾತ್ರ ಒಳಗೆ ಕೂತು, ನೀನೂ ದೀಪವನ್ನು ಅದೇ ಅಡ್ಡಗೋಡೆಯ ಮೇಲೆ ಇಡುತ್ತಿದ್ದೀಯ ಅನ್ನುತ್ತಿತ್ತು.

ಶನಿವಾರ ಸಭೆಯ ಹಾಲಿನಲ್ಲಿ ಬೆಂಚು ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ವೇದಿಕೆಯ ಮೇಲೆ ಅಧ್ಯಕ್ಷರು. ಕಬ್ಬಿಣದ ಅಂಗಡಿ ಇಟ್ಟುಕೊಂಡವರು. ಊರಿಗೆಲ್ಲ ಸರಳು, ಗೂಟ, ಕೀಲು ಮಾರುವವರಿಗೆ ತಮ್ಮ ಶಾಲೆಯ ಗೇಟಿಗೊಂದು ಗೂಟ ಸಿಕ್ಕಿರಲಿಲ್ಲ. ಪುಟ್ಟನ ತಾಯಿ ಹಿಂದಿನ ಸಾಲಿನಲ್ಲಿ, ಗುಬ್ಬಿಯ ಪಕ್ಕದಲ್ಲಿ. ಹೊಲಿಗೆಯವರ ಬೆರಳು, ತುದಿಯೆಲ್ಲ ಚುಚ್ಚಿದ ಗುರುತು. ಅವರಿಬ್ಬರ ಆಚೀಚೆ ಒಂದೊಂದು ಜಾಗ ಖಾಲಿ ಇತ್ತು. ಅಷ್ಟು ಜನ ನಿಂತಿದ್ದರೂ ಅಲ್ಲಿ ಯಾರೂ ಕೂತಿರಲಿಲ್ಲ. ಆ ಖಾಲಿ ಜಾಗಗಳನ್ನು ನೋಡುತ್ತಲೇ ಟೀಚರ್ ವೇದಿಕೆ ಹತ್ತಿದಳು.

ಮೈಕಿನ ಮುಂದೆ ನಿಂತು, ಸದ್ದಡಗುವವರೆಗೂ ಕಾದಳು. ಆಮೇಲೆ ಓದಿದಳು. ವಿಷಾದ, ಸಂತಾಪ, ದುರದೃಷ್ಟ, ಎಲ್ಲ ದಾಟಿ ಆ ಸಾಲಿಗೆ ಬಂದಳು. ಪದಪದ ಬಿಡಿಸಿ, ಅಪ್ಪ ಪದ್ಯ ನಿಲ್ಲಿಸುವ ಹಾಗೆ ಕೊನೆಯಕ್ಷರದ ಮೇಲೆ ನಿಲ್ಲಿಸಿ ಓದಿದಳು.

“ಮಗುವಿನ ಹೊಣೆ ಹೊತ್ತವರು, ಗೇಟಿನ ಬಳಿ, ಕೈ ಬಿಟ್ಟರು.”

ಹಾಲಿನ ಕಣ್ಣುಗಳೆಲ್ಲ ಒಟ್ಟಿಗೆ ವೇದಿಕೆಯ ಕಡೆ ತಿರುಗಿದವು.

“ಅದು ಮಾತು,” ಅಂತ ಒಂದು ಗಂಡು ದನಿ. ರೇಡಿಯೋನ ಅಪ್ಪ, ಬೀಜ ಒಂದೇ ಅಂತ ಕೇಳಿದವರಿಗೆಲ್ಲ ಗೊತ್ತಾಗುವಂಥ ದನಿ. “ಒಪ್ಪಿಕೊಂಡರಲ್ಲ, ದೊಡ್ಡತನ. ಹೊಣೆ ಹೊತ್ತೋರು ನೀವು, ಕೈ ಬಿಟ್ಟೋರೂ ನೀವು. ಎಲ್ಲಿ ಸಹಿ ಹಾಕ್ಬೇಕು ಹೇಳಿ.”

ಗುಜುಗುಜು ಎದ್ದಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅಧ್ಯಕ್ಷರು ಹೆಡ್ಮೇಷ್ಟ್ರ ಕಿವಿಯಲ್ಲಿ ಏನೋ ಅಂದರು. ಹೆಡ್ಮೇಷ್ಟ್ರ ಮುಖ ಸುಣ್ಣದ ಗೋಡೆಯಾಯಿತು. ಎದ್ದು ಬಂದು ಮೈಕಿಗೆ ಬಾಗಿದರು. “ದಯವಿಟ್ಟು, ದಯವಿಟ್ಟು. ಹೊಣೆ ಹೊತ್ತವರು ಅಂದರೆ ತಾಯಿ. ಗೌರವಕ್ಕೆ ಹಾಗೆ ಬರೆದದ್ದು. ತಾಯಿ ಅಂತ ಅರ್ಥ.” ಆಮೇಲೆ ಪಕ್ಕಕ್ಕೆ ತಿರುಗಿ, ಮೊದಲ ಸಲ ಗಡುಸಾಗಿ: “ಟೀಚರ್, ಸ್ಪಷ್ಟವಾಗಿ ಹೇಳಿ ಇವರಿಗೆ. ಯಾರು ಅಂತ ಹೇಳಿ.”

ಸ್ಪಷ್ಟವಾಗಿ. ಅವಳು ಅಡಗಿ ನಿಂತಿದ್ದ ಗೋಡೆಯನ್ನೇ ಕೈಯಾರೆ ಕೆಡವಿ ಕೇಳುತ್ತಿದ್ದರು. ಟೀಚರ್ ಹಾಳೆಯನ್ನು ಮಡಿಸಿದಳು.

“ಹೇಳ್ತೀನಿ,” ಅಂದಳು. “ಈಗ ಓದಿದ್ದು ಒಂದು ಪಾಠ. ಬರೆದವರು ಹೆಡ್ಮೇಷ್ಟ್ರು, ಬರೆಸಿದವರು ಸಮಿತಿ, ಕೇಳ್ತಿರೋರು ನೀವು. ಅವರ ಅರ್ಥ, ತಾಯಿ ಕೈ ಬಿಟ್ಟಳು ಅಂತ. ಇನ್ನೊಂದು ಪಾಠ ಇದೆ. ಅದನ್ನೂ ಕೇಳಿ, ಆಮೇಲೆ ಸಹಿ ಹಾಕಿ.”

“ಟೀಚರ್,” ಅಂದರು ಹೆಡ್ಮೇಷ್ಟ್ರು.

“ಗೇಟಿನ ಗಾಲಿ ಮುರಿದಿತ್ತು. ಗೂಟ ಕಿತ್ತುಹೋಗಿತ್ತು. ವಾಚ್‌ಮನ್ ಹೆಡ್ಮೇಷ್ಟ್ರಿಗೆ ಹೇಳಿದ. ಹೆಡ್ಮೇಷ್ಟ್ರು ಅಧ್ಯಕ್ಷರಿಗೆ ಹೇಳಿದರು. ಅಧ್ಯಕ್ಷರು ನೋಡೋಣ ಅಂದರು. ನಾವೆಲ್ಲ, ನಾನೂ, ದಿನಾ ಆ ಕಲ್ಲು ದಾಟಿಕೊಂಡು ಒಳಗೆ ಬಂದೆವು. ಆ ಕಲ್ಲು ಯಾರ ಕಾಲಿಗೋ ತಾಗಿ ಸರೀತು. ತಾಯಿ ಮಗನ ಚಪ್ಪಲಿ ಪಟ್ಟಿ ಕೂಡಿಸೋಕೆ ಬಗ್ಗಿದಳು. ಮಗು ಗೇಟು ಹಿಡೀತು. ಗೇಟು ಬಿತ್ತು.”

ಮೈಕು ಕಟ್ಟೆಂದು ಸತ್ತಿತು. ತಿರುಗಿ ನೋಡಿದರೆ ಹೆಡ್ಮೇಷ್ಟ್ರ ಕೈ ಸ್ವಿಚ್ಚಿನ ಮೇಲಿತ್ತು. ಕಾವ್ಯ ಹೇಳುವವನ ಮಗಳಿಗೆ ಮೈಕು ಯಾಕೆ ಬೇಕು?

“ಎರಡರಲ್ಲೂ ತಾಯಿ ಕೈ ಬಿಟ್ಟದ್ದಿದೆ,” ಅಂದಳು ಅವಳು. ಆ ದನಿ ಕೊನೆಯ ಗೋಡೆಗೆ ಹೋಗಿ ತಾಗಿತು. “ಮೊದಲನೇದರಲ್ಲಿ ಅದೊಂದೇ ಇದೆ. ಎರಡನೇದರಲ್ಲಿ ಅದರ ಹಿಂದೆ ಮುಂದೆ ಏನಿತ್ತು ಅನ್ನೋದೂ ಇದೆ. ಈ ಊರಲ್ಲಿ ತಪ್ಪು ಮಾಡಿದ ದೊಡ್ಡವರಿಗೆಲ್ಲ ‘ಆಯಿತು’, ‘ಕಂಡುಬಂತು’. ಆ ಹೆಂಗಸೊಬ್ಬಳಿಗೇ ‘ಬಿಟ್ಟಳು’. ನನ್ನ ಗಂಟಲಲ್ಲಿ ಅದನ್ನ ಓದಿಸೋಕೆ ನೋಡಿದರು. ನಾನೂ ಓದಿದೆ. ಇನ್ನೊಂದು ಸಲ ಓದಲ್ಲ.”

ಮಡಿಸಿದ ಹಾಳೆಯನ್ನು ಅಧ್ಯಕ್ಷರ ಮುಂದಿನ ಮೇಜಿನ ಮೇಲಿಟ್ಟಳು. ಮೆಲ್ಲಗೇ ಇಟ್ಟಳು.

ಹಿಂದಿನ ಸಾಲಿನಿಂದ ಪುಟ್ಟನ ತಾಯಿ ಎದ್ದು ಬಂದಳು. ಜನ ದಾರಿ ಬಿಟ್ಟರು. ಕೈ ಮುಗಿಯುತ್ತಾಳೆ, ಅಳುತ್ತಾಳೆ ಅಂತ ಕೆಲವರು ಕುತ್ತಿಗೆ ಚಾಚಿ ನೋಡಿದರು. ಅವಳು ಟೀಚರ ಮುಂದೆ ಬಂದು ನಿಂತಳು.

“ಕೈ ಬಿಟ್ಟೆ,” ಅಂದಳು. “ಇಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ನೀವು ಇವತ್ತು ಹೇಳಿದ್ದೆಲ್ಲ ನಿಮಗೆ ಗೇಟು ಬಿದ್ದ ದಿನಾನೇ ಗೊತ್ತಿತ್ತಲ್ವಾ? ಇಷ್ಟು ದಿನ ಎಲ್ಲಿಟ್ಟಿದ್ರಿ? ನಾನು ನೀರು ಹಿಡಿಯೋಕೆ ಹೋದ್ರೆ ಜನ ಮುಖ ತಿರುಗಿಸ್ತಿದ್ರು. ನನ್ನ ಮಗಳು ನಿಮ್ಮ ಮುಂದೇನೇ ದಿನಾ ಕೂತಿರ್ತಿದ್ದಳು.”

ಟೀಚರ್ ಇದ್ದ ಹಾಗೆ ಹೇಳಿದಳು. “ಗೊತ್ತಿತ್ತು.”

ತಾಯಿ ವೇದಿಕೆಯ ಕಡೆ ತಿರುಗಿ, ಅಧ್ಯಕ್ಷರಿಗೆ, ಹೊಲಿಗೆಯ ಅಳತೆ ಕೇಳುವಷ್ಟೇ ಸಲೀಸಾಗಿ ಅಂದಳು: “ನೀವೂ ಒಂದು ಮಾತು ಹೇಳಿ ಸ್ವಾಮಿ. ನೋಡೋಣ ಅಂದಿದ್ರಂತಲ್ಲ. ನೋಡಿದ್ರಾ?”

ಅಧ್ಯಕ್ಷರು ನೋಡಲಿಲ್ಲ. ಮೇಜಿನ ಮೇಲಿನ ಹಾಳೆಯನ್ನು ಜೇಬಿಗಿಟ್ಟುಕೊಂಡು, ಗದ್ದಲ ಜಾಸ್ತಿಯಾಯಿತು, ಸಭೆ ಮುಂದೂಡಲಾಗಿದೆ ಅಂದರು. ಯಾರೂ ಸಹಿ ಹಾಕಲಿಲ್ಲ. ರೇಡಿಯೋನ ಅಪ್ಪ ಮತ್ತೆ ನಾಲ್ಕೈದು ಜನ ಬಾಗಿಲಿಗೆ ಅಡ್ಡ ನಿಂತು, ಆಸ್ಪತ್ರೆಯ ಹೊಣೆ ಶಾಲೆಯದು ಅಂತ ಬಾಯಿಬಿಟ್ಟು ಹೇಳಿ ಹೋಗಿ ಅಂದರು. ಹೆಡ್ಮೇಷ್ಟ್ರು ಹೇಳಿದರು. ಬೇರೆ ದಾರಿ ಇರಲಿಲ್ಲ. ಅಂದು ಸಮಿತಿ ಕೂರಲೇ ಇಲ್ಲ. ಟೀಚರ ಕೆಲಸದ ಮಾತನ್ನು ಯಾರೂ ಎತ್ತಲಿಲ್ಲ. ಸೋಮವಾರದಿಂದ ಬರಬೇಕಿಲ್ಲ ಅಂತ ವಾಚ್‌ಮನ್ ಕೈಲಿ ಹೇಳಿಕಳಿಸಿದರು. ಪಾಪ, ಅವನು ಬಾಗಿಲಲ್ಲಿ ನಿಂತು ಅದನ್ನು ಹೇಳಲಾಗದೆ, ನೀರು ಕೇಳಿ ಕುಡಿದು, ಮತ್ತೆ ನೀರು ಕೇಳಿದ.

ಸೋಮವಾರ ಮಧ್ಯಾಹ್ನ ಅತ್ತೆ ಅಂಗಡಿಗೆ ಹೋಗಿ ಬಂದು ಚೀಲ ಕೆಳಗಿಟ್ಟರು. ಸೊಸೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ತಿಕ್ಕುತ್ತಿದ್ದಳು. ಕೊಳೆಯಾಗಿದ್ದಕ್ಕಲ್ಲ. ಕೈಗೆ ಏನಾದರೂ ಬೇಕಿತ್ತು.

“ಅಂಗಡೀಲೆಲ್ಲ ನಿನ್ನದೇ ಮಾತು,” ಅಂದರು ಅತ್ತೆ. “ಹೆಡ್ಮೇಷ್ಟ್ರ ಕಡೆಯವರು ಹೇಳ್ತಿದ್ದಾರೆ, ಖಾಯಂ ಆಗಲ್ಲ ಅಂತ ಮೊದಲೇ ಗೊತ್ತಾಗಿ, ಆ ಹೊಟ್ಟೆಕಿಚ್ಚಿಗೆ ಕೂಗಾಡಿದಳು ಅಂತ. ಇನ್ನೊಬ್ಬಳು ಅಂದಳು, ಮೈಕ್ ಕಿತ್ತು ಅಧ್ಯಕ್ಷರ ಮುಖಕ್ಕೇ ಎಸೆದಳಂತೆ ಅಂತ.”

ಸೊಸೆಯ ಕೈ ನಿಂತಿತು. “ಎಸೆದಿಲ್ಲ ಅಂತ ಹೇಳಿದಿರಾ?”

ಅತ್ತೆ ಚೀಲದೊಳಗೆ ಏನೋ ಹುಡುಕುವವರ ಹಾಗೆ ತಲೆ ಹಾಕಿದರು. “ಹೂಂ ಅಂದೆ.”

“ಏನಂತ ಹೂಂ?”

“ಎಸೆದಳು ಅಂತಲೇ ಅಂದೆ. ಎರಡು ಸಲ ಎಸೆದಳು ಅಂದೆ. ಹೆದರ್ಲಿ ಸ್ವಲ್ಪ. ಅಂಗಡಿಯವನು ಇವತ್ತು ಸಕ್ಕರೆ ತೂಗೋವಾಗ ಮುಳ್ಳು ನೆಟ್ಟಗೆ ನಿಲ್ಲೋವರೆಗೂ ಕಾದ, ಗೊತ್ತಾ?”

ಸೊಸೆ ಎದ್ದಳು. ಮೊಣಕೈವರೆಗೂ ಮೆತ್ತಿದ್ದ ಬೂದಿಯನ್ನು ಹಾಗೇ ಬಿಟ್ಟು, ಹೊರಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿದಳು. ಕಳೆದ ವಾರದಿಂದ ಒಳಗೆ ಬುಸುಗುಡುತ್ತಿದ್ದದ್ದು ಈಗ ಮತ್ತೆ ಹೆಡೆ ಎತ್ತಿತ್ತು.

“ಎಲ್ಲಿಗೆ ಹೊರಟೆ ಈ ಕೈಯಲ್ಲಿ?”

“ಅಂಗಡಿಗೆ. ಎಸೆದಿಲ್ಲ ಅಂತ ಹೇಳೋಕೆ.”

“ಹುಚ್ಚು ಹಿಡೀತಾ? ನಿನ್ನ ಪರವಾಗೇ ತಾನೆ ನಾನು ಹೇಳಿದ್ದು? ಎಸೆದದ್ದಕ್ಕೆ ಊರು ಖುಷಿಯಾಗಿದೆ ಕಣೆ.”

“ಪರವಾಗೋ ವಿರುದ್ಧವಾಗೋ, ನನಗೆ ಬೇಡ. ನಾನು ಹಾಳೆ ಇಟ್ಟೆ. ಮೇಜಿನ ಮೇಲೆ ಇಟ್ಟೆ.”

ಅತ್ತೆ ಗೊಣಗಿಕೊಂಡು ತಮ್ಮ ಚಪ್ಪಲಿಗೂ ಕಾಲು ಹಾಕಿದರು.

“ನಡಿ,” ಅಂದರು. “ಒಬ್ಬಳೇ ಹೋದರೆ, ಅಂಗಡಿಗೆ ಬೆಂಕಿ ಇಟ್ಟು ಬಂದಳು ಅಂತಾರೆ.”